ನಡುಮನೆಗೊಂದು ಹ್ಯಾಲೊಜೆನ್

ಉಪ್ಪಾರಹಳ್ಳಿಯ ಆ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಇದ್ದದ್ದು ನಲವತ್ತು ಕ್ಯಾಂಡಲ್ಲಿನ ಒಂದೇ ಬಲ್ಬು. ಸಾಸಿವೆ ಯಾವುದು, ಜಿರಲೆ ಹಿಕ್ಕೆ ಯಾವುದು ಎಂದು ಕಮಲಾಕ್ಷಮ್ಮ ಮೂಸಿ ತಿಳಿಯಬೇಕಿತ್ತು. ಇನ್ನೊಂದು ದೀಪ ಹಾಕಿಸಿ ಎಂದು ಕೇಳಿ ಕೇಳಿ ಅವಳ ಬಾಯಿ ಒಣಗಿತ್ತು. "ಒಗ್ಗರಣೆಗ್ಯಾಕೇ ದೀಪ, ವಾಸನೆ ಬಂದ್ರೆ ಸಾಲ್ದಾ?" ಎನ್ನುತ್ತಿದ್ದ ಪತಿದೇವರು ವೆಂಕಟರಂಗಯ್ಯನವರು, ಮಗಳು ಹೇಮಾವತಿಯನ್ನು ನೋಡಲು ಕುಣಿಗಲಿನಿಂದ ಗಂಡಿನವರು ಬರುತ್ತಾರೆಂದು ಗೊತ್ತಾದದ್ದೇ ತಡ, ನಡುಮನೆಗೆ ಹ್ಯಾಲೊಜೆನ್ ದೀಪ ಹಾಕಿಸುವ ಮಹಾಸಂಕಲ್ಪ ಮಾಡಿದರು. (ಹಿಂದೆ ಬಂದವರೆಲ್ಲ "ಹುಡುಗಿ ಬಣ್ಣ ಸ್ವಲ್ಪ ಕಮ್ಮಿ" ಎಂದು ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು.) ಈ ಸಂಬಂಧವೂ ತಪ್ಪಿದರೆ ಮಗಳ ಮುಖ ನೋಡುವುದು ಹೇಗೆ ಎಂದು ಕಮಲಾಕ್ಷಮ್ಮನಿಗೂ ನಿದ್ದೆ ಇರಲಿಲ್ಲ.

ಶಿರಾ ಗೇಟಿನ ಎಲೆಕ್ಟ್ರಿಕ್ ಅಂಗಡಿಯವನು ನೋಡಿ ಆರಿಸಿಕೊಳ್ಳಿ ಎಂದು ಎರಡು ಬಗೆ ಕೊಟ್ಟು ಕಳಿಸಿದ್ದ. ಒಂದು, ನೇರವಾಗಿ ಮನೆಯ ಕರೆಂಟಿಗೇ ಸಿಕ್ಕಿಸುವ ಐನೂರು ವ್ಯಾಟಿನದು. ಇನ್ನೊಂದು ಹನ್ನೆರಡು ವೋಲ್ಟಿನ ಪುಟ್ಟದು, ಅದರ ಜೊತೆ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್ ಡಬ್ಬಿ.

ದೊಡ್ಡದನ್ನು ಹೊತ್ತಿಸಿದ್ದೇ ತಡ, ಗೋಡೆಯ ಬಿರುಕು, ಸೋರಿದ ಕಲೆ, ಜೇಡರ ಬಲೆ, ಕುರ್ಚಿಯ ಹರಿದ ಹೆಣಿಗೆ, ಇಡೀ ಸಂಸಾರದ ಮಾನ ಬಯಲಾಯಿತು.

"ಮದ್ವೆ ಛತ್ರ ಇದ್ದಂಗಿದೆ ನೋಡೇ," ಎಂದರು ರಾಯರು, ಬೆವರು ಒರೆಸಿಕೊಳ್ಳುತ್ತ.

"ಹಪ್ಪಳ ಸುಡಬಹುದು. ಆರಿಸ್ರೀ, ಮೀಟ್ರು ಬುಗುರಿ ತಿರುಗಿದಂಗೆ ತಿರುಗ್ತಿದೆ."

"ನಿಂಗೇನ್ ಗೊತ್ತೇ ದೀಪದ ವಿಷ್ಯ?"

"ಕತ್ತಲೇಲಿ ಇರೋಳಿಗೆ ಗೊತ್ತಿರ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಅಷ್ಟರಲ್ಲಿ ಫ್ಯೂಸು ಹೋಯಿತು. ಫ್ಯೂಸು ಕಟ್ಟಿ ಪುಟ್ಟದನ್ನು ಹಚ್ಚಿದರೆ, ತಿರುಗಿಸಿದ ಕಡೆಗೆ ಮಾತ್ರ ಹಾಲಿನಂಥ ಬೆಳಕು, ಉಳಿದ ದರಿದ್ರವೆಲ್ಲ ಮಬ್ಬಿನಲ್ಲಿ. "ಇದೇ ಇರ್ಲಿ," ಎಂದು ಕಮಲಾಕ್ಷಮ್ಮ ಹಟ ಹಿಡಿದು ಗೆದ್ದಳು. ಮಗಳು ಕೂರುವ ಕುರ್ಚಿಯ ಮೇಲೇ ಬೆಳಕು ಬೀಳುವಂತೆ ತಾನೇ ನಿಂತು ದೀಪವನ್ನು ಗೋಡೆಗೆ ಬಿಗಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮಾತು ನಡೆದದ್ದು ಅದೊಂದೇ ಸಲ.

ಗಂಡಿನವರು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ಕಮಲಾಕ್ಷಮ್ಮ ಇನ್ನೂ ಮಸಿ ಹಿಡಿದ ಸೀರೆಯಲ್ಲಿ ಕೇಸರಿಬಾತು ತಿರುವುತ್ತಿದ್ದಳು. ಹುಡುಗನ ತಾಯಿ ರಂಗಲಕ್ಷ್ಮಮ್ಮ ನಡುಮನೆಗೆ ಕಾಲಿಟ್ಟವರೇ ಕುರ್ಚಿ ನೋಡಿ ಹೌಹಾರಿದರು.

"ಇದೇನ್ರೀ, ಹುಡುಗೀನ ದಕ್ಷಿಣಕ್ಕೆ ಮುಖ ಮಾಡಿ ಕೂರಿಸ್ತೀರಾ? ಪೂರ್ವಕ್ಕೆ ಹಾಕಿ."

ಬೆಳಕಿನ ಭರಾಟೆಯಲ್ಲಿ ದಿಕ್ಕು ಯಾರಿಗೆ ನೆನಪಿತ್ತು? ಕುರ್ಚಿ ಆಚೆ ಮೂಲೆಗೆ ಸರಿಯಿತು. ಹೇಮಾವತಿ ಮಬ್ಬಿನಲ್ಲಿ ಕೂತಳು. ದೀಪ ಮಾತ್ರ ಅಡುಗೆಕೋಣೆಯ ಬಾಗಿಲ ಮುಂದಿನ ಖಾಲಿ ಜಾಗವನ್ನು ಬೆಳಗುತ್ತಿತ್ತು. ತಟ್ಟೆ ಹಿಡಿದು ಬಂದ ಕಮಲಾಕ್ಷಮ್ಮ ನೆಟ್ಟಗೆ ಅದರೊಳಕ್ಕೇ ಬಂದು ನಿಂತಳು. ಕೆದರಿದ ತಲೆ, ಕೆನ್ನೆಯ ಮಸಿ, ಸೆರಗಿನ ತೂತು, ಯಾವುದೂ ಯಾರ ಕಣ್ಣಿಗೂ ತಪ್ಪಲಿಲ್ಲ.

ರಂಗಲಕ್ಷ್ಮಮ್ಮ ಕೇಸರಿಬಾತು ಬಾಯಿಗಿಟ್ಟು ತಲೆದೂಗಿದರು. "ಅಡುಗೆಯವರು ಚೆನ್ನಾಗಿ ಮಾಡ್ತಾರೆ. ಬಾಳ ದಿವ್ಸದಿಂದ ಇದಾರಾ?"

ಅಡುಗೆಯವರನ್ನು ಇಟ್ಟುಕೊಂಡ ಮನೆ ಎಂಬ ಮರ್ಯಾದೆ ಪುಕ್ಕಟೆ ಸಿಗುತ್ತಿರುವಾಗ ಬಿಡುವವರುಂಟೇ? ವೆಂಕಟರಂಗಯ್ಯ ಗಂಟಲು ಸರಿಮಾಡಿಕೊಂಡು, "ನಮ್ಮ ಮದ್ವೆ ಆದಾಗ್ಲಿಂದಾನೂ ಇದಾಳೆ," ಎಂದರು.

ಹೇಮಾವತಿ ತಟಕ್ಕನೆ ತಲೆ ಎತ್ತಿದಳು. ಕಮಲಾಕ್ಷಮ್ಮ ಬೇಡವೆಂದು ಕಣ್ಣಲ್ಲೇ ತಡೆದಳು. ಅಪ್ಪ ಸುಳ್ಳುಗಾರ ಎಂದು ತಿಳಿದರೆ ಈ ಸಂಬಂಧವೂ ಮುರಿಯುತ್ತದೆ.

"ಹುಡುಗಿ ತಾಯಿ ಎಲ್ಲಿ?"

"ತೌರುಮನೆಗೆ ಹೋಗಿದಾಳೆ, ಹಾಗಲವಾಡಿಗೆ."

"ಹುಡುಗಿ ನಮಗೆ ಒಪ್ಪಿಗೆ. ಅವರು ಬರ್ಲಿ, ಬರೋ ವಾರಾನೇ ನಿಶ್ಚಿತಾರ್ಥ ಇಟ್ಕೊಳ್ಳೋಣ. ಅಡುಗೆಗೆ ಮಾತ್ರ ಇವ್ರೇ ಇರ್ಲಿ."

ಬಂದವರು ಹೊರಟ ಮೇಲೆ ರಾಯರು ಕುಣಿಯುತ್ತ ಅಡುಗೆಕೋಣೆಗೆ ಬಂದರು. "ಗೆದ್ವಿ ಕಣೇ. ಒಂದ್ ಕೆಲ್ಸ ಮಾಡೋಣ. ಗುಬ್ಬಿಯಿಂದ ನಿಮ್ಮಕ್ಕನ್ನ ಕರ್ಸಿ, ಅವತ್ತೊಂದಿನ ತಾಯಿ ಜಾಗ್ದಲ್ಲಿ ಕೂರ್ಸಿದ್ರಾಯ್ತು. ನೀನು ಹೆಂಗಿದ್ರೂ ಒಳಗೇ ಇರ್ತೀಯಲ್ಲ."

ಕಮಲಾಕ್ಷಮ್ಮ ಕೇಸರಿಬಾತಿನ ಬಾಣಲೆಯನ್ನು ಕೆಳಗಿಟ್ಟಳು.

"ಅಕ್ಕ ಬರ್ತಾಳೆ. ಅಡುಗೆಯವಳು ಬರಲ್ಲ."

ಹೇಳಿದ್ದೇನೋ ಹೇಳಿದಳು. ಆಮೇಲೆ, ರಾತ್ರಿ ಊಟಕ್ಕೆ ಹೊತ್ತಾಯಿತೆಂದು ಅಕ್ಕಿ ತೊಳೆಯಲು ಕೂತಳು.