ಫೈಲುಗಳಿಗೂ ಪಾಳಿಯೇ?

ವಿರೋಧಿಸುವುದು ಒಂದು ಚಟ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರವಾಗಿ ಮಾತಾಡುವವರು ಊರೆಲ್ಲ ಹುಡುಕಿ ಪುರಾವೆ ತರಬೇಕು, ವಿರೋಧಕ್ಕೆ ನಿಂತವನು "ಅದು ಹೇಗೆ?" ಎಂದು ಹುಬ್ಬೇರಿಸಿದರೆ ಅರ್ಧ ಕೆಲಸ ಮುಗಿದಂತೆ. ಈ ಸುಖ ಕಂಡ ನಾನು ಈಗಲೂ ಯಾರಾದರೂ "ಚಹಾ ಛಲೋ ಐತಿ" ಅಂದರೆ "ಯಾವುದಕ್ಕೆ ಹೋಲಿಸಿದರೆ?" ಎನ್ನುತ್ತೇನೆ. ಗೋಕಾಕದ ನಮ್ಮ ಪುಟ್ಟ ಕಚೇರಿಯಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ನಾನು ವಕೀಲ.

ಕಚೇರಿಯ ಕೆಲಸ ಇಷ್ಟೇ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳಲ್ಲಿ ನಿಂತ ಹವಾಮಾನ ಯಂತ್ರಗಳು ಕಳಿಸುವ ಸಾವಿರಾರು ಫೈಲುಗಳನ್ನು ಬೆಳಿಗ್ಗೆ ಕಂಪ್ಯೂಟರಿನಿಂದ ಓದಿಸಿ, "ಇಂದು ಮಳೆ ಬರಬಹುದು, ಎಣ್ಣೆ ಹೊಡೆಯಬೇಡಿ" ಎಂದು ರೈತರಿಗೆ ಮೆಸೇಜು ಬಿಡಬೇಕು. ಎಣ್ಣೆ ಎಂದರೆ ನಮ್ಮ ಕಡೆ ಬೆಳೆಯ ಹುಳುವಿಗೆ ಹೊಡೆಯುವ ಔಷಧ. ನಾನು ಬರೆದ ಪ್ರೋಗ್ರಾಮು ಒಂದು ಫೈಲು ತೆರೆದು, ಓದಿ, ಮುಚ್ಚಿ, ಆಮೇಲಷ್ಟೇ ಮುಂದಿನದರ ಕಡೆ ನೋಡುತ್ತಿತ್ತು. ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು.

ಒಂದು ದಿನ ಮೂಡಲಗಿ ಕಡೆಯ ರೈತ ಮಹಿಳೆ ಸಿದ್ದವ್ವ ಫೋನು ಮಾಡಿದರು. ಅವರು ಗೋವಿನಜೋಳಕ್ಕೆ ಹೊಡೆದ ಎಣ್ಣೆ ಎರಡು ಸಲ ಮಳೆಗೆ ತೊಳೆದುಹೋಗಿತ್ತು. "ತಮ್ಮಾ, ನಾ ತೊಯ್ಸಿಕೊಂಡು ಮನಿಗೆ ಬಂದ ಮ್ಯಾಲ ಮಳಿ ಬರಬಹುದು ಅಂತ ನಿಮ್ಮ ಮೆಸೇಜ್ ಬರತೈತಿ. ಅದನ್ನ ಹೇಳಾಕ ನೀವ್ಯಾಕ ಬೇಕು? ನಾಳೆ ಮತ್ತ ಹೊಡ್ಯಾಕ ನಿಂತೇನಿ. ಈ ಸಲಾನೂ ಹೋತಂದ್ರ ಬೆಳಿ ಹುಳದ ಪಾಲು."

ನಾನು ಫೋನು ಇಟ್ಟೆ. ಪಕ್ಕದ ಮೇಜಿನ ಸಹೋದ್ಯೋಗಿ ಶಮೀಮ್ ಅಷ್ಟಕ್ಕೇ ಬಿಡಲಿಲ್ಲ. "ವಕೀಲ್ರ, ಪ್ಯಾರಲಲ್ ಮಾಡ್ರಿ ಅಂತ ಎಷ್ಟ ಸಲ ಹೇಳ್ಲಿ?"

"ಕಂಪ್ಯೂಟರ್ ಒಂದ ಐತಿ. ಹತ್ತು ಕೆಲಸ ಒಮ್ಮೆಲೇ ಹೆಂಗ ಮಾಡತೈತಿ?"

"ಅದರೊಳಗ ದುಡಿಯೂ ಆಳು ಎಂಟ ಅದಾವ್ರಿ. ನೀವು ಒಂದನ್ನ ದುಡಿಸಿ ಏಳನ್ನ ಸುಮ್ನ ಕುಂಡ್ರಿಸೀರಿ. ಪ್ಯಾರಲಲ್ ಅಂದ್ರ ಏನ್ರಿ? ಪಾಳಿ ಅಲ್ಲ!"

ನಳದ ನೀರಿಗೂ ರೇಷನ್ನಿಗೂ ಪಾಳಿ ಹಚ್ಚಿ ನಿಂತೇ ಬೆಳೆದವನಿಗೆ ಪಾಳಿ ಇಲ್ಲದ ಲೋಕದ ಮೇಲೆ ಅನುಮಾನ ಸಹಜ. ಆದರೂ ಫೈಲುಗಳನ್ನು ಒಂದೊಂದಾಗಿ ಓದಿಸುತ್ತಿದ್ದ ಲೂಪನ್ನು ಬದಲಿಸಿ, ಎಂಟೂ ಆಳುಗಳಿಗೆ ಹಂಚಿದೆ. ಚಹಾ ಆರುವ ಮೊದಲೇ ಓದಿ ಮುಗಿಯಿತು! ಎದೆಯುಬ್ಬಿಸಿ ಫಲಿತಾಂಶ ನೋಡಿದರೆ ಮೂಡಲಗಿಯ ಮಳೆ ಹುಕ್ಕೇರಿಯಲ್ಲಿ ಸುರಿದಿತ್ತು. ಕೊಣ್ಣೂರಿನ ಗಾಳಿ ಧುಪದಾಳದಲ್ಲಿ ಬೀಸಿತ್ತು. ಪಾಳಿ ತೆಗೆದಿದ್ದೆ, ಆದರೆ ಮೊದಲು ಬಂದವನಿಗೆ ಮೊದಲ ಜಾಗ ಎಂಬ ಪಾಳಿಯ ಬುದ್ಧಿ ತೆಗೆದಿರಲಿಲ್ಲ. ಚಿಕ್ಕ ಫೈಲುಗಳು ಬೇಗ ಮುಗಿದು ಎಲ್ಲರ ಮುಂದೆ ನುಗ್ಗಿ ಕೂತಿದ್ದವು, ಊರಿನ ಹೆಸರುಗಳು ಮಾತ್ರ ಹಳೇ ಸಾಲಿನಲ್ಲೇ ನಿಂತಿದ್ದವು.

"ನೋಡ್ರಿ, ನಾ ಹೇಳಿದ್ದೆ!" ಎಂದೆ, ತಪ್ಪು ನನ್ನದೇ ಆದರೂ ಗೆದ್ದವನ ದನಿಯಲ್ಲಿ.

ಶಮೀಮ್ ಹಣೆ ಚಚ್ಚಿಕೊಂಡಳು. "ಬಸ್ ನಿಲ್ಲೂ ಮೊದಲ ಕಿಡಕ್ಯಾಗಿಂದ ಕರ್ಚೀಪ್ ಒಗದು ಸೀಟ್ ಹಿಡಿತೀರಿಲ್ರಿ? ಹಂಗ ಪ್ರತಿ ಫೈಲಿಗೂ ಮೊದಲ ಕರ್ಚೀಪ್ ಹಾಕ್ರಿ. ಯಾವಾಗರ ಬರಲಿ, ತನ್ನ ಸೀಟಿಗೇ ಬಂದು ಕೂಡತೈತಿ."

ಫೈಲಿಗೊಂದು ಜಾಗ, ಜಾಗಕ್ಕೊಂದು ಊರಿನ ಹೆಸರು. ಸಂಜೆಯೊಳಗೆ ಎಲ್ಲ ನೆಟ್ಟಗಾಯಿತು. ಮರುದಿನ ಸಿದ್ದವ್ವ ಎಣ್ಣೆ ಕಲಸುವ ಮೊದಲೇ ಮಳೆಯ ಮೆಸೇಜು ಹೋಯಿತು. ಆಕಾಶ ಮಾತ್ರ ತೊಳೆದಿಟ್ಟಂತೆ ನೀಲಿ. ನಮ್ಮ ಮಾತು ನಂಬಿ ಅವರು ಕೈಕಟ್ಟಿ ಕೂತಿದ್ದಾರೆ, ಅತ್ತ ಹುಳು ಸುಮ್ಮನೆ ಕೂತಿಲ್ಲ. ಬೆಳಿಗ್ಗೆಯೆಲ್ಲ ಕಿಟಕಿಯಲ್ಲಿ ನಿಂತು, ಜೀವನದಲ್ಲಿ ಮೊದಲ ಬಾರಿಗೆ, ನಾನು ಒಂದು ವಿಷಯದ ಪರವಾಗಿದ್ದೆ.

ಮಧ್ಯಾಹ್ನ ಫೋನು ಬಂತು. "ತಮ್ಮಾ, ಕೊಡ ಸುರುವಿದಂಗ ಹೊಡ್ಯಾಕತ್ತೈತಿ ಇಲ್ಲಿ! ಎಣ್ಣಿ ಡಬ್ಬಿ ಮುಚ್ಚಳಾ ಸೈತ ತಗದಿಲ್ಲ. ಮಳಿ ನಿಂತ ಮ್ಯಾಲ ಹೊಡಿತೇನಿ, ಬೆಳಿ ಉಳೀತು ನೋಡು."

ನಾನು ಗಂಟಲು ಸರಿಮಾಡಿಕೊಂಡೆ. "ಅಕ್ಕಾರ, ಇದರಾಗ ಮೂರು ಮುಖ್ಯ ಅಂಶ ಅದಾವು. ಮೊದಲನೇದು..."

"ಏನೂ ಕೇಳವಲ್ದು, ತಗಡಿನ ಪತ್ರಾಸಿನ ಮ್ಯಾಲ ಮಳಿ ಸಪ್ಪಳ ಭಾಳ ಐತಿ," ಎಂದು ಅವರು ಫೋನು ಇಟ್ಟರು.

ಶಮೀಮ್ ಆಗಲೇ ಊಟಕ್ಕೆ ಎದ್ದು ಹೋಗಿದ್ದಳು. ಮೂರೂ ಅಂಶಗಳನ್ನು ಎದುರಿಗಿದ್ದ ಕಪಾಟಿಗೆ ವಿವರಿಸಿದೆ. ಅದು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.