ಕಸಬರಿಗೆಗೆ ಸವತಿ ತಂದ ಚಿಕ್ಕವ್ವ

ನನ್ನ ಚಿಕ್ಕವ್ವನಿಗೆ ದೇವರು ಪ್ರತ್ಯಕ್ಷನಾದರೆ ಅವಳು ಮೊದಲು ನೋಡುವುದು ಅವನು ನಿಂತ ನೆಲವನ್ನು. ಮುಖದ ಸರದಿ ಆಮೇಲೆ. ಇದು ಉತ್ಪ್ರೇಕ್ಷೆ ಎನ್ನುವವರು ಅವಳ ಜೊತೆ ಒಮ್ಮೆ ವಿಶಾಖಪಟ್ಟಣದ ಸಿಂಹಾಚಲಂ ಬೆಟ್ಟಕ್ಕೆ ಹೋಗಿಬರಬೇಕು. ನಾನು ಹೋಗಿಬಂದಿದ್ದೇನೆ. ಎರಡು ತಾಸು ಸಾಲಿನಲ್ಲಿ ನಿಂತು, ಇನ್ನು ಹತ್ತೇ ಜನರ ಆಚೆ ಗರ್ಭಗುಡಿ ಎನ್ನುವಾಗ, ಹೆಂಗಸೊಬ್ಬಳು ಸೊಂಟ ಬಗ್ಗಿಸಿ ನೆಲ ಒರೆಸುತ್ತಿರುವುದು ಇವಳ ಕಣ್ಣಿಗೆ ಬಿತ್ತು. ಅಷ್ಟೇ, ಸಾಲು ಬಿಟ್ಟು ಹೋದಳು. ನಾನೊಬ್ಬನೇ ದರ್ಶನ ಮುಗಿಸಿ ಪ್ರಸಾದ ಹಿಡಿದು ಬಂದರೆ, ಇವಳು ಗೇಣು ಹಾಕುತ್ತ ಆ ನೆಲದ ಅಗಲ ಅಳೆಯುತ್ತಿದ್ದಳು. ಆ ಹೆಂಗಸು ಪಕ್ಕದಲ್ಲಿ ಕೂತು ಎಣಿಸಿಕೊಳ್ಳುತ್ತಿದ್ದಳು.

"ದೇವ್ರು ಎಲ್ಲಿಗೂ ಹೋಗಂಗಿಲ್ಲೋ. ಈಕಿ ಡ್ಯೂಟಿ ಎರಡಕ್ಕ ಮುಗೀತದ" ಎಂದಳು ಚಿಕ್ಕವ್ವ.

ಚಿಕ್ಕವ್ವನೆಂದರೆ ನನ್ನ ಅವ್ವನ ಒಬ್ಬಳೇ ತಂಗಿ. ಧಾರವಾಡದಿಂದ ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋದವಳು. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ, ಕಸ ಗುಡಿಸುವ ಮತ್ತು ನೆಲ ತೊಳೆಯುವ ಯಂತ್ರಗಳನ್ನು ಮಾರುವ ಕಂಪನಿಯೊಂದಕ್ಕೆ ಸೇರಿದಳು. ಯಂತ್ರ ಕೊಂಡವರ ಕೆಲಸಗಾರರಿಗೆ ಅದನ್ನು ನಡೆಸಲು ಕಲಿಸುವುದು ಇವಳ ಉದ್ಯೋಗ. ತಿಂಗಳಲ್ಲಿ ಹದಿನೈದು ದಿನ ವಿಶಾಖಪಟ್ಟಣದಲ್ಲಿ ಕೆಲಸ. ಬ್ಯಾಂಕಿನ ವರ್ಗಾವಣೆಯ ಮೇಲೆ ನಾನೂ ಆ ಊರಿಗೆ ಹೋಗಿ ಬಿದ್ದಿದ್ದರಿಂದ ಆ ಹದಿನೈದು ದಿನ ನನ್ನ ಮನೆಯೇ ಅವಳ ಬಿಡಾರ.

ಒಮ್ಮೆ ನಮ್ಮ ಮ್ಯಾನೇಜರರ ಗೃಹಪ್ರವೇಶಕ್ಕೆ ಅವಳನ್ನು ಕರೆದೊಯ್ಯುವ ತಪ್ಪು ಮಾಡಿದೆ. ಬಂದವರೆಲ್ಲ ಮನೆ ಬಹಳ ಚೆನ್ನಾಗಿದೆ ಎಂದರು. ಇವಳು ಬಚ್ಚಲಿನ ಇಳಿಜಾರು ಉಲ್ಟಾ ಇದೆ ಎಂದಳು. ಯಾರೂ ನಂಬಲಿಲ್ಲವೆಂದು ಒಂದು ಬಕೆಟ್ ನೀರು ಸುರಿದು ತೋರಿಸಿದಳು. ನೀರು ಸೀದಾ ಹೋಮ ನಡೆಯುವಲ್ಲಿಗೆ ಬಂತು! ಆಮೇಲೆ ನಾನು ಕೊಟ್ಟ ವರ್ಗಾವಣೆಯ ಅರ್ಜಿ ಎರಡು ವರ್ಷ ಅವರ ಮೇಜಿನಿಂದ ಮೇಲೇಳಲಿಲ್ಲ. ಆಗ ಚಿಕ್ಕವ್ವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ಧಾರವಾಡದಲ್ಲಿ ಕೂತು ನೆನೆಸಿಕೊಂಡರೆ, ಆ ಎರಡು ವರ್ಷ ಆ ಬಕೆಟ್ ನೀರಿನ ಕೃಪೆ ಎನಿಸುತ್ತದೆ.

ಏಕೆಂದರೆ ಆ ಅವಧಿಯಲ್ಲೇ ವಿಶಾಖಪಟ್ಟಣದ ಬೀಚ್ ರೋಡಿನ ಒಂದು ಭಾಗಕ್ಕೆ ಅವಳ ಕಂಪನಿಯ ಗುಡಿಸುವ ಯಂತ್ರಗಳು ಬಂದವು. ಆಟೋದಷ್ಟು ದೊಡ್ಡವು, ಮೇಲೆ ಕೂತು ಓಡಿಸುವಂಥವು. ಅಡಿಯಲ್ಲಿ ಎರಡು ಬ್ರಷ್ ಗರಗರ ತಿರುಗುತ್ತ ಮರಳು, ಎಲೆ, ಐಸ್‌ಕ್ರೀಮ್ ಕಪ್ಪು ಎಲ್ಲವನ್ನೂ ಎಳೆದುಕೊಳ್ಳುತ್ತವೆ. ಚಿಕ್ಕವ್ವ ಹಬ್ಬ ಬಂದಂತೆ ಓಡಾಡಿದಳು. ಹಬ್ಬ ಮೂರು ದಿನ ಉಳಿಯಿತು. ನಾಲ್ಕನೆಯ ದಿನ ಆ ರಸ್ತೆಯ ಕಸದ ಗುತ್ತಿಗೆದಾರ, ಡ್ರೈವಿಂಗ್ ಲೈಸೆನ್ಸ್ ಇರುವ ಹುಡುಗರನ್ನು ತೆಗೆದುಕೊಳ್ಳುತ್ತೇನೆ, ಈಗ ಗುಡಿಸುವ ಹನ್ನೊಂದು ಹೆಂಗಸರು ಇನ್ನು ಬೇಡ ಎಂದ.

ಅಂದು ಮನೆಗೆ ಬಂದ ಚಿಕ್ಕವ್ವ ಊಟ ಮಾಡಲಿಲ್ಲ. ಬೆನ್ನು ಉಳಿಸಲಿಕ್ಕೆ ಯಂತ್ರ ತಂದರೆ ಅದು ಹೊಟ್ಟೆಯ ಮೇಲೆ ಹೊಡೆಯಿತಲ್ಲ ಎಂದು ಗೋಡೆಗೆ ಹೇಳುತ್ತ ಕೂತಳು. ಬೆಳಿಗ್ಗೆ ಎದ್ದವಳೇ ಗುತ್ತಿಗೆದಾರನ ಕಚೇರಿಗೆ ಹೋಗಿ, ಆ ರಸ್ತೆಯ ಒಂದೊಂದು ಗುಂಡಿಯೂ ಗೊತ್ತಿರುವವರು ಈ ಹೆಂಗಸರು, ಇವರಿಗೇ ಕಲಿಸುತ್ತೇನೆ, ಲೈಸೆನ್ಸೂ ಕೊಡಿಸುತ್ತೇನೆ ಎಂದಳಂತೆ. ಅವನು ಎರಡು ತಿಂಗಳ ಗಡುವು ಕೊಟ್ಟ. ಇವಳನ್ನು ಎಬ್ಬಿಸಿ ಕಳಿಸಲು ಬೇರೆ ದಾರಿಯೂ ಇರಲಿಲ್ಲವೆನ್ನಿ.

ಹೆಂಗಸರು ಒಪ್ಪಬೇಕಲ್ಲ? ಅವರಲ್ಲಿ ಹಿರಿಯಳು ಅಪ್ಪಲಮ್ಮ, ಮೂವತ್ತು ವರ್ಷದಿಂದ ಆ ರಸ್ತೆ ಗುಡಿಸಿದವಳು. ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿ, ನನ್ನ ಕಸಬರಿಗೆಗೆ ಸವತಿ ತಂದೆಯಾ ಎಂದು ತೆಲುಗಿನಲ್ಲಿ ಕೇಳಿದಳು. ಸವತಿ ಎಂಬ ಮಾತು ಎರಡೂ ಭಾಷೆಯಲ್ಲಿ ಒಂದೇ ಎಂದು ಚಿಕ್ಕವ್ವನಿಗೆ ಬಲು ಖುಷಿ. ಸವತಿಯನ್ನು ಮನೆಯಿಂದ ಓಡಿಸಲು ಆಗದಿದ್ದರೆ ಅವಳ ತಲೆಯ ಮೇಲೆ ಹತ್ತಿ ಕೂರಬೇಕಮ್ಮ ಎಂದಳು. ಅಪ್ಪಲಮ್ಮ ನಕ್ಕಳು, ಸೆರಗು ಸಿಕ್ಕಿಸಿದಳು, ಹತ್ತಿ ಕೂತಳು. ಉಳಿದ ಹತ್ತೂ ಜನ ಹಿಂದೆಯೇ ಬಂದರು.

ಈಗ ಒಂದು ಗುಟ್ಟು ಹೇಳಬೇಕು. ನಮ್ಮ ಚಿಕ್ಕವ್ವನಿಗೆ ಸೈಕಲ್ಲೂ ಬರುತ್ತಿರಲಿಲ್ಲ! ಅವಳು ಅದುವರೆಗೆ ಕಲಿಸಿದ್ದೆಲ್ಲ ಹಿಂದೆ ನಿಂತು ತಳ್ಳುವ ಯಂತ್ರಗಳು. ಹೆಂಗಸರಿಗೆ ಧೈರ್ಯ ಬರಲೆಂದು ಐವತ್ತೇಳನೆಯ ವಯಸ್ಸಿನಲ್ಲಿ ತಾನೂ ಡ್ರೈವಿಂಗ್ ಶಾಲೆಗೆ ಸೇರಿದಳು. ಸಂಜೆ ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತಟ್ಟೆಯನ್ನು ಸ್ಟೇರಿಂಗ್ ಮಾಡಿ ಅಭ್ಯಾಸ ನಡೆಯುತ್ತಿತ್ತು. ನಾನು ಅಡ್ಡ ಬಂದರೆ ಹಾರ್ನ್ ಬಾಯಲ್ಲೇ. ಪರೀಕ್ಷೆಯ ದಿನ ಹನ್ನೊಂದು ಹೆಂಗಸರಲ್ಲಿ ಒಂಬತ್ತು ಮಂದಿ ಪಾಸಾದರು. ಉಳಿದಿಬ್ಬರು ಮುಂದಿನ ವಾರ ಪಾಸಾದರು. ಚಿಕ್ಕವ್ವ ಎರಡು ಸಲವೂ ಒಂದೇ ಕಂಬಕ್ಕೆ ಗುದ್ದಿದಳು. ಅಪ್ಪಲಮ್ಮನೇ ಅವಳ ಕೈಹಿಡಿದು, ಬಿಡಿ ಮೇಡಂಗಾರು, ನಿಮಗೆ ನಾವಿದ್ದೇವೆ ಎಂದು ಸಮಾಧಾನ ಮಾಡಬೇಕಾಯಿತು.

ಕೆಲಸದ ಮೊದಲ ದಿನ ಬೆಳಗ್ಗೆ ನಾನೂ ನೋಡಲು ಹೋಗಿದ್ದೆ. ಅಪ್ಪಲಮ್ಮ ನೆಟ್ಟಗೆ ಕೂತು ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿಸಿಕೊಂಡು ಬಂದಳು. ಇಳಿದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೆನ್ನು ನೋವೇ ಎಂದು ಚಿಕ್ಕವ್ವ ಕೇಳಿದಳು. ಇಲ್ಲವೆಂದು ತಲೆಯಾಡಿಸಿ ಅಪ್ಪಲಮ್ಮ ಹೇಳಿದ್ದು ಇಷ್ಟೇ: ಇಷ್ಟು ವರ್ಷ ಇಲ್ಲಿ ರಸ್ತೆಯನ್ನೇ ನೋಡಿದೆ, ಕೆಲಸದ ಹೊತ್ತಿನಲ್ಲಿ ಸಮುದ್ರ ನೋಡಿದ್ದು ಇವತ್ತೇ.

ನನ್ನ ಅರ್ಜಿ ಕೊನೆಗೂ ಮೇಜಿನಿಂದ ಎದ್ದಿತು. ಧಾರವಾಡಕ್ಕೆ ವರ್ಗವಾಯಿತು. ಹೊರಡುವ ದಿನ ಚಿಕ್ಕವ್ವ ವಿಜಯವಾಡದಲ್ಲಿದ್ದಳು. ನನ್ನ ಗಾಡಿ ಆ ಊರಿನ ಮೇಲೆಯೇ ಹೋಗುವುದರಿಂದ ಅಲ್ಲಿಯ ಪ್ಲಾಟ್‌ಫಾರ್ಮಿಗೆ ಬಂದಳು. ಜೊತೆಗೆ ಮಗಳೂ ಬಂದಿದ್ದಳು. ಚಿಕ್ಕವ್ವ ಕನ್ನಡದಲ್ಲಿ ಏನೋ ಕೇಳಿದಳು, ಮಗಳು ತೆಲುಗಿನಲ್ಲಿ ಉತ್ತರ ಕೊಟ್ಟು ನೀರಿನ ಬಾಟಲಿ ತರಲು ಹೋದಳು. ಚಿಕ್ಕವ್ವ ಕಿಟಕಿಯ ಸರಳು ಹಿಡಿದು ನಿಂತಳು. ಅನಕಾಪಲ್ಲಿಯ ಬೆಲ್ಲದ ಡಬ್ಬಿ ಒಳಗೆ ಕೊಟ್ಟಳು.

"ಏನರೆ ಮಾತಾಡೋ" ಎಂದಳು.

"ಏನ್ ಮಾತಾಡ್ಲಿ ಚಿಕ್ಕವ್ವ?"

"ಏನರೆ. ಅಕ್ಕ ಹೋಗಿ ನಾಕ್ ವರ್ಷಾತು. ನೀ ಮಾತಾಡಿದ್ರ ಆಕಿ ಮಾತಾಡಿದಂಗ ಕೇಳಸ್ತದ. ಇನ್ನ ಮ್ಯಾಲ ನನಗ ಇಲ್ಲಿ ಯಾರು ಹಂಗ ಮಾತಾಡ್ತಾರ?"

ಅವ್ವ ಬದನೆಕಾಯಿ ಎಣಗಾಯಿ ಹೇಗೆ ಮಾಡುತ್ತಿದ್ದಳೆಂದು ಹೇಳತೊಡಗಿದೆ. ಸಣ್ಣ ಮುಳ್ಳಗಾಯಿ ಆರಿಸಬೇಕು ಅಂದೆ, ತೊಟ್ಟು ತೆಗೆಯಬಾರದು ಅಂದೆ, ಶೇಂಗಾ ಹುರಿದು ಪುಡಿ ಮಾಡಬೇಕು ಅಂದೆ. ಅವಳು ಕಣ್ಣು ಮುಚ್ಚಿಕೊಂಡು, ಎಲ್ಲಾ ಗೊತ್ತಿರುವ ಅಡುಗೆಗೆ, ಹೂಂ, ಹೂಂ ಎನ್ನುತ್ತಿದ್ದಳು. ಮಸಾಲೆ ತುಂಬುವಲ್ಲಿಗೆ ಬಂದಿದ್ದೆ, ಗಾಡಿ ಹೊರಟಿತು.