ಅವಸರದ ಮಾವನ ಪಾಲಕ್ ಮಡಿ

ನನ್ನ ಸೋದರಮಾವ, ಅಂದರೆ ನನ್ನ ಅವ್ವನ ತಮ್ಮ, ಸೂಲಗಿತ್ತಿ ಬರುವವರೆಗೂ ಕಾಯದೆ ಹುಟ್ಟಿದವರು. ಇದು ನಾನು ಕಟ್ಟಿದ ಕತೆಯಲ್ಲ. ಸೂಲಗಿತ್ತಿಯನ್ನು ಕರೆತರಲು ಓಡಿದ್ದವಳು ಆಗ ಆರೇಳು ವರ್ಷದವಳಾಗಿದ್ದ ನನ್ನ ಅವ್ವನೇ. ಇಬ್ಬರೂ ಮನೆ ಮುಟ್ಟುವಷ್ಟರಲ್ಲಿ ಈ ಮಹಾಶಯರು ಅಳುವುದನ್ನೂ ಮುಗಿಸಿ, ಮುಂದೇನು ಎನ್ನುವಂತೆ ಅತ್ತಿತ್ತ ನೋಡುತ್ತಿದ್ದರಂತೆ. ಮದುವೆಯಲ್ಲೂ ಅಷ್ಟೇ. ಗಟ್ಟಿಮೇಳಕ್ಕೆ ಓಲಗದವನು ಉಸಿರು ತುಂಬಿಕೊಳ್ಳುತ್ತಿರುವಾಗಲೇ ಇವರು ಮೂರೂ ಗಂಟು ಹಾಕಿ ಕೈ ಕೊಡವಿದ್ದರು. ತಾನೆಲ್ಲಿ ಎದ್ದು ಓಡಿಹೋಗುತ್ತೇನೋ ಎಂಬ ಭಯ ಇವರಿಗಿತ್ತೇನೋ ಎಂದು ನಮ್ಮ ಅತ್ತೆ ಇವತ್ತಿಗೂ ಅನುಮಾನಪಡುತ್ತಾರೆ.

ಇಂಥವರು ಹೊನ್ನಾಳಿಯಲ್ಲಿ ಬಹಳ ವರ್ಷ ಲೈನ್‌ಮನ್ ಆಗಿದ್ದರು. ಅವರ ಸ್ವಭಾವಕ್ಕೆ ಆ ಕೆಲಸ ಹೇಳಿ ಮಾಡಿಸಿದಂತಿತ್ತು. ಕರೆಂಟ್ ಹೋದರೆ ಊರಿಗೆ ಊರೇ ಅವಸರ ಮಾಡುತ್ತದಲ್ಲ, ಆ ಗಲಾಟೆಯಲ್ಲಿ ಇವರೊಬ್ಬರ ಅವಸರವನ್ನು ಯಾರು ಗಮನಿಸುತ್ತಾರೆ? ತೊಂದರೆ ಶುರುವಾದದ್ದು ನಿವೃತ್ತಿಯಾದ ಮೇಲೆ. ಒಂದೇ ವಾರದಲ್ಲಿ ಮನೆಯ ಸ್ವಿಚ್ಚುಗಳೆಲ್ಲ ಜಾಗ ಬದಲಾಯಿಸಿದವು. ಅತ್ತೆ ಅಡುಗೆಮನೆಯಲ್ಲಿ ದೀಪ ಹಾಕಿದರೆ ಬಚ್ಚಲಿನಲ್ಲಿ ಬೆಳಕಾಗುತ್ತಿತ್ತು. ಎರಡನೆಯ ವಾರ ಮಾವ ಹೆಂಚು ಹೊದಿಸಿದ ಮಾಡಿನ ಮೇಲೆ ಹತ್ತಿದರು. ಅಲ್ಲಿ ಏನು ಕೆಲಸವಿತ್ತೋ, ಹತ್ತಿದ ಮೇಲೆ ಅವರಿಗೂ ಹೊಳೆಯಲಿಲ್ಲವಂತೆ.

ಮಗ್ಗುಲ ಮನೆಯಲ್ಲಿ ಒಬ್ಬ ದರ್ಜಿಯ ಸಂಸಾರವಿದೆ. ದರ್ಜಿಯ ಹೆಂಡತಿಯನ್ನು ಬೀದಿಯವರೆಲ್ಲ ಖಾಲಾ ಎಂದೇ ಕರೆಯುವುದು. ಅತ್ತೆಯ ಗೋಳು ಕೇಳಿದ ಖಾಲಾ ಒಂದು ಮುಷ್ಟಿ ಪಾಲಕ್ ಬೀಜವನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟರು.

"ಅಣ್ಣಾವ್ರಿಗೆ ಮಾಡೋ ಕೆಲ್ಸ ಬ್ಯಾಡ್ರಿ, ಕಾಯೋ ಕೆಲ್ಸ ಕೊಡ್ರಿ" ಎಂದರು.

ಬೀಜವನ್ನು ಒಂದು ದಿನವಿಡೀ ನೀರಲ್ಲಿ ನೆನೆಸಬೇಕು ಎಂದು ಖಾಲಾ ಹೇಳಿಹೋಗಿದ್ದರು. ಮಾವ ತಿಂಡಿ ತಿನ್ನುವ ಮುಂಚೆ ನೆನೆಸಿ, ತಿಂಡಿ ತಿಂದು ಕೈ ತೊಳೆದು ತೆಗೆದರು. ಹಿತ್ತಲಲ್ಲಿ ಮಡಿ ಮಾಡಿ, ಗೊಬ್ಬರ ಬೆರೆಸಿ, ಗೆರೆ ಎಳೆದು ಬಿತ್ತಿದರು. ಲೈನ್ ಎಳೆದವರ ಕೈ, ಸಾಲುಗಳು ಮಾತ್ರ ನೆಟ್ಟಗಿದ್ದವು. ಮೊಳಕೆ ಬರಲು ಎಂಟು ಹತ್ತು ದಿನ ಬೇಕು. ಮೂರನೆಯ ದಿನ ಅತ್ತೆ ನೀರು ಹಾಕಲು ಹೋದಾಗ ಮಾವ ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬೀಜವನ್ನು ಕೆದಕಿ ತೆಗೆದು, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಹುಗಿಯುತ್ತಿದ್ದರು. ಯಾಕ್ರೀ ಇದು ಎಂದು ಅತ್ತೆ ಕೇಳಿದರೆ, ಸತ್ತಾವೋ ಬದುಕ್ಯಾವೋ ಗೊತ್ತಾಗಬೇಕಲ್ಲ ಎಂದರಂತೆ. ಹಾಗೆ ಕೆದಕಿದರೆ ಬದುಕಿದ್ದವೂ ಸಾಯುತ್ತವೆ ಎಂದು ಅತ್ತೆ ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಆಗಲೇ ಎರಡನೆಯ ಸಾಲಿಗೆ ಹೋಗಿದ್ದರು.

ಅತ್ತೆ ಕೊನೆಗೆ ಅವರನ್ನು ಊರು ಬಿಡಿಸಿದರು. ಜಗಳೂರಿನ ಕಡೆ ಸೊಕ್ಕೆಯಲ್ಲಿರುವ ನನ್ನ ಅವ್ವನಿಗೆ ಫೋನ್ ಮಾಡಿ, ಸುಮ್ಮನೆ ಮೊಣಕಾಲು ನೋವು ಎಂದು ಹೇಳಿ ತಮ್ಮನನ್ನು ಒಂದು ವಾರ ಕರೆಸಿಕೊಳ್ಳಿ ಎಂದರು. ಅವ್ವ ತಕ್ಷಣ ಕುಂಟತೊಡಗಿದಳು. ಮಾವ ಸೊಕ್ಕೆಗೆ ಹೋದರು. ಮೊದಲ ದಿನ ಅಕ್ಕನ ಮೊಣಕಾಲು ನೋಡಿದರು. ಎರಡನೆಯ ದಿನ ಅವಳ ಮನೆಯ ಸ್ವಿಚ್ಚುಗಳನ್ನು ನೋಡತೊಡಗಿದರು. ಅವ್ವನ ಕುಂಟು ಅಲ್ಲಿಗೇ ವಾಸಿಯಾಯಿತು. ನಾಲ್ಕನೆಯ ದಿನ ತಾನೇ ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದು ತಮ್ಮನನ್ನು ಹತ್ತಿಸಿಹೋದಳು.

ಮಾವ ಮನೆಗೆ ಬಂದರೆ ಮಡಿಯ ತುಂಬ ಮೊಳಕೆ. ಸಂತೋಷಪಡಬೇಡವೇ? ಎರಡು ದಿನ ಮುಖ ಊದಿಸಿಕೊಂಡಿದ್ದರು. ಕಾವಲು ಕಾದವರು ತಾವು, ಹುಟ್ಟುವಾಗ ನೋಡಿದವಳು ಹೆಂಡತಿ, ಇದು ಯಾವ ನ್ಯಾಯ ಎಂಬುದು ಅವರ ವಾದ.

ಕೊಯ್ಲಿಗೂ ಒಂದು ಕ್ರಮವಿದೆ. ಎಲೆ ಅಂಗೈಯಗಲ ಆದ ಮೇಲೆ ಹೊರಗಿನ ಎಲೆಗಳನ್ನಷ್ಟೇ ಕತ್ತರಿಸಿ ನಡುವಿನ ಸುಳಿಯನ್ನು ಬಿಟ್ಟರೆ, ಅದು ಮತ್ತೆ ಮತ್ತೆ ಚಿಗುರಿ ತಿಂಗಳುಗಟ್ಟಲೆ ಸೊಪ್ಪು ಕೊಡುತ್ತದೆ. ಮಾವ ಅಂಗೈಗೆ ಕಾಯದೆ ಹೆಬ್ಬೆರಳಿಗೇ ತೃಪ್ತರಾದರು. ಎಲೆ ಅಷ್ಟಗಲ ಆಗುತ್ತಲೇ ದರ್ಜಿಯ ಕತ್ತರಿ ತಂದು ಕೊಯ್ದು, ಚನ್ನಗಿರಿಯಿಂದ ನಮ್ಮನ್ನೂ ನ್ಯಾಮತಿಯಿಂದ ಅತ್ತೆಯ ತಂಗಿ ಮನೆಯವರನ್ನೂ ಊಟಕ್ಕೆ ಕರೆದರು. ಹನ್ನೊಂದು ಜನ. ಕೊಯ್ದ ಸೊಪ್ಪು ಒಂದು ಮೊರ. ಪಾಲಕ್ ಸೊಪ್ಪು ಒಲೆಯ ಮೇಲೆ ಎಷ್ಟು ಕುಗ್ಗುತ್ತದೆ ಎಂಬುದು ಅಡುಗೆ ಮಾಡಿದವರಿಗೆ ಗೊತ್ತು, ಕಂಬ ಹತ್ತಿದವರಿಗೆ ಗೊತ್ತಿರುವುದಿಲ್ಲ. ಬೆಂದ ಮೇಲೆ ಅದು ಒಂದು ಬಟ್ಟಲಾಯಿತು. ಅತ್ತೆ ನನ್ನ ಮುಖ ನೋಡಿದರು. ನಾನು ಹಿಂಬಾಗಿಲಿನಿಂದ ಹೋಗಿ ಸಂತೆಯಿಂದ ಎಂಟು ಕಟ್ಟು ಪಾಲಕ್ ತಂದೆ. ರೊಟ್ಟಿಯ ಜೊತೆ ಎಲ್ಲರಿಗೂ ಎರಡೆರಡು ಸಲ ಪಲ್ಯ ಬಡಿಸಿದಾಗ ಮಾವ ಸುತ್ತಲೂ ಹೆಮ್ಮೆಯಿಂದ ಕಣ್ಣಾಡಿಸಿದರು.

"ಮನೇಲಿ ಬೆಳೆದಿದ್ದಕ್ಕೂ ಸಂತೇದಕ್ಕೂ ಇದೇ ನೋಡು ವ್ಯತ್ಯಾಸ. ಇದು ಕುಗ್ಗಂಗೇ ಇಲ್ಲ" ಎಂದರು.

ಅತ್ತೆಗೆ ಕೆಮ್ಮು ಬಂತು. ನನಗೆ ನೀರು ಕುಡಿಯಬೇಕೆನಿಸಿತು.

ಇದಾದ ಮುಂದಿನ ವರ್ಷ ನಾನು ಹಾಸಿಗೆ ಹಿಡಿದೆ. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ಆಪರೇಷನ್ ಆಗಲೇಬೇಕು ಎಂದರು ದಾವಣಗೆರೆಯ ಡಾಕ್ಟರು. ಆದರೆ ಮೈಯಲ್ಲಿ ರಕ್ತ ತೀರ ಕಡಿಮೆ ಇದೆ, ಅದು ಏರುವವರೆಗೆ ಕೈ ಹಚ್ಚುವುದಿಲ್ಲ ಎಂದು ಎರಡು ಸಲ ವಾಪಸು ಕಳಿಸಿದರು. ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ. ಮಾವನಿಗೆ ಯಾರೋ ಪಾಲಕ್ ತಿಂದರೆ ರಕ್ತ ಬರುತ್ತದೆ ಎಂದರು. ತಗೊಳ್ಳಿ, ಆ ವರ್ಷ ಮತ್ತೆ ಬಿತ್ತಿದ್ದ ಮಡಿಯ ಸೊಪ್ಪಿನ ಚೀಲ ಹೊನ್ನಾಳಿಯಿಂದ ಚನ್ನಗಿರಿಗೆ ಎರಡು ದಿನಕ್ಕೊಮ್ಮೆ ಬರತೊಡಗಿತು. ಬಾಗಿಲಲ್ಲಿ ಚೀಲ ಇಳಿಸಿ, ನನ್ನ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿ, ಇನ್ನೂ ಬೆಳ್ಳಗೈತೆ ಎಂದು ಗೊಣಗಿ, ಟೀ ಕುದಿಯುವ ಮೊದಲೇ ಹೊರಟುಬಿಡುತ್ತಿದ್ದರು. ಸಾರು, ಪಲ್ಯ, ಪಾಲಕ್ ಚಪಾತಿ, ಪಾಲಕ್ ಬೋಂಡ. ನನ್ನ ಗಂಡ ಆಫೀಸಿನ ಡಬ್ಬಿ ತೆರೆಯಲು ಹೆದರುತ್ತಿದ್ದರು. ಡಾಕ್ಟರು ಕೈಗೆ ಸೂಜಿ ಚುಚ್ಚಿ ಕಬ್ಬಿಣಾಂಶದ ಬಾಟಲಿಗಳನ್ನೂ ಏರಿಸುತ್ತಿದ್ದರು. ಅಂತೂ ರಕ್ತ ಏರಿತು. ಮಾವನ ಪ್ರಕಾರ ಬಾಟಲಿಯ ಪಾತ್ರ ಅದರಲ್ಲಿ ಏನೂ ಇಲ್ಲ.

ಆಪರೇಷನ್ನಿನ ದಿನ ಎಲ್ಲರೂ ಆಸ್ಪತ್ರೆಗೆ ಬಂದಿದ್ದರು, ಮಾವನೊಬ್ಬರನ್ನು ಬಿಟ್ಟು. ಸ್ಟ್ರೆಚರಿನ ಮೇಲೆ ಮಲಗಿ ಕತ್ತು ತಿರುಗಿಸಿ ಹುಡುಕಿದೆ. ನನಗೆ ಸ್ವಲ್ಪ ಬೇಸರವಾಯಿತು. ಇಂಥ ದಿನವೂ ಒಂದು ಗಳಿಗೆ ನಿಲ್ಲಲಾಗದ ಮನುಷ್ಯ ಎಂದುಕೊಂಡೆ.

ಹತ್ತು ದಿನದ ನಂತರ ಆರೈಕೆಗೆಂದು ನನ್ನನ್ನು ಹೊನ್ನಾಳಿಗೇ ಕರೆತಂದರು. ಮೆಲ್ಲಗೆ ಗೋಡೆ ಹಿಡಿದು ಹಿತ್ತಲಿಗೆ ಹೋಗಿ ನೋಡಿದರೆ, ಮಡಿ ಬರೀ ಮಣ್ಣು. ಒಂದು ಗಿಡವಿಲ್ಲ. ಹೂದಂಟು ಎದ್ದು ಸೊಪ್ಪು ಹಾಳಾಗಿ ಕಿತ್ತೆಸೆದರೋ, ಮೇಕೆ ನುಗ್ಗಿತೋ ಎಂದು ನಿಂತಿದ್ದಾಗ ಖಾಲಾ ಗೋಡೆಯ ಆಚೆಯಿಂದ ನನ್ನನ್ನು ನೋಡಿ, ಅಲ್ಲೇ ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿದರು. ಆಮೇಲೆ ಅವರೇ ಹೇಳಿದರು. ಆ ದಿನ ಬೆಳಗಾಗುತ್ತಲೇ ಮಾವ ಸೊಪ್ಪಿನ ಬುಟ್ಟಿ ಹೊತ್ತು ಬೀದಿಯ ಒಂದೊಂದೇ ಮನೆಯ ಬಾಗಿಲು ತಟ್ಟಿದರಂತೆ. ಒಂದು ಹಿಡಿ ಸೊಪ್ಪು ಕೊಟ್ಟು, ಇವತ್ತು ನಮ್ಮ ಹುಡುಗಿಗೆ ಆಪರೇಷನ್ ಐತೆ, ನಿಮ್ಮ ದೇವ್ರಿಗೆ ಒಂದು ಮಾತು ಹೇಳಿಬಿಡ್ರಿ ಎಂದು ಕೇಳಿಕೊಂಡರಂತೆ. ಬುಟ್ಟಿ ಖಾಲಿಯಾದಾಗ ಬಂದು ಕಿತ್ತುಕೊಂಡು ಮತ್ತೆ ಹೋದರಂತೆ. ದರ್ಜಿ ಮಷಿನ್ ಬಿಟ್ಟು ಎದ್ದು ಅಲ್ಲೇ ದುವಾ ಮಾಡಿದರಂತೆ; ಅಷ್ಟು ಹೊತ್ತೂ ಮಾವ ತಲೆ ತಗ್ಗಿಸಿ ಅವರೆದುರು ನಿಂತಿದ್ದರಂತೆ.

ಮಾವ ಅಷ್ಟರಲ್ಲಿ ಗುದ್ದಲಿ ಹಿಡಿದು ಹಿತ್ತಲಿಗೆ ಬಂದರು. ನಾನು ಕಣ್ಣೊರೆಸಿಕೊಂಡು, ಏನೂ ಕೇಳಿಸಿಕೊಳ್ಳದವಳಂತೆ ಮಡಿಯನ್ನು ತೋರಿಸಿದೆ.

"ಸುಳಿ ಬಿಟ್ಟಿದ್ರೆ ಮತ್ತೆ ಚಿಗುರ್ತಿತ್ತಲ್ಲ ಮಾವ. ಬೇರು ಸಮೇತ ಯಾಕೆ ಕಿತ್ತ್ರಿ?"

ಅವರು ನನ್ನ ಕಡೆ ನೋಡಲಿಲ್ಲ. ಕಾಲಿನಿಂದ ಒಂದು ಹೆಂಟೆಯನ್ನು ಪುಡಿ ಮಾಡುತ್ತ ಹೇಳಿದರು:

"ಎಲೆ ಸಾಲಲಿಲ್ಲ ಕಣವ್ವ. ಬೀದಿ ಉದ್ದ ಐತೆ."